ಕರೆಂಟು ಹೋದ ಮೇಲೂ ತಿರುಗಿದ ಚಕ್ರ

ಕಾರ್ಖಾನೆಯ ಯಂತ್ರಗಳನ್ನು ನೋಡಿ ವರದಿ ಬರೆಯುವ ಅಧಿಕಾರಿಗಳಿಗೆ,

ಮಾನ್ಯರೇ,

ಮೊದಲು ಕ್ಷಮೆ ಕೇಳುತ್ತೇನೆ. ನನ್ನ ಅಕ್ಷರ ದುಂಡಗಿಲ್ಲ, ಗೆರೆ ಬಿಟ್ಟು ಕೆಳಗೆ ಇಳಿಯುತ್ತದೆ. ಒತ್ತಕ್ಷರ ಎಲ್ಲಿ ಕೊಡಬೇಕು, ಎಲ್ಲಿ ಬಿಡಬೇಕು ಎಂಬ ತಿಳಿವಳಿಕೆ ಐದನೇ ಕ್ಲಾಸಿಗೇ ನಿಂತುಹೋಯಿತು. ಪಕ್ಕದ ಮನೆಯ ಮುನವ್ವರಾ, ಒಂಬತ್ತನೇ ಕ್ಲಾಸು ಓದುವ ಹುಡುಗಿ, ಕೆಂಪು ಪೆನ್ನು ಹಿಡಿದು ಎರಡು ಸಲ ತಿದ್ದಿದ್ದಾಳೆ. ಆಮೇಲೂ ಉಳಿದ ತಪ್ಪು ನನ್ನದು. ನಿಮ್ಮ ವರದಿಯನ್ನು ನಾನು ಎಷ್ಟೋ ಸಲ ಓದಿದ್ದೇನೆ. ಚೆನ್ನಾಗಿ ಟೈಪಾಗಿದೆ, ಒಂದು ಕೊಂಬು, ಒಂದು ದೀರ್ಘವೂ ಎಡವಿಲ್ಲ. ಅದರಲ್ಲಿ ತಪ್ಪಿರುವುದು ಒಂದೇ ವಾಕ್ಯ. ಆ ವಾಕ್ಯ ನನ್ನ ಅಕ್ಕ ಧನಲಕ್ಷ್ಮಿಯ ಬಲಗೈಯ ನಾಲ್ಕು ಬೆರಳುಗಳನ್ನು ಎರಡನೇ ಸಲ ಕತ್ತರಿಸಿದೆ.

“ಘಟನೆಯ ಸಮಯದಲ್ಲಿ ವಿದ್ಯುತ್ ಸರಬರಾಜು ಸ್ಥಗಿತಗೊಂಡಿದ್ದ ಕಾರಣ ಮೂರನೇ ಸಂಖ್ಯೆಯ ಯಂತ್ರವು ನಿಶ್ಚಲವಾಗಿತ್ತು. ನಿಶ್ಚಲ ಯಂತ್ರದಿಂದ ಸದರಿ ಗಾಯವು ಸಂಭವಿಸಲು ಸಾಧ್ಯವಿರುವುದಿಲ್ಲ.”

ಇದು ನಿಮ್ಮ ವಾಕ್ಯ. ಅದರ ಕೆಳಗೆ ಇನ್ನೆರಡು ಸಾಲು: ಯಂತ್ರಕ್ಕೆ ಹಾಕಿದ ಸೀಲು ತೆಗೆಯಬಹುದು, ಮುಂಭಾಗಕ್ಕೆ ಜಾಲರಿ ಹಾಕಿಸುವ ಅಗತ್ಯ ಕಂಡುಬಂದಿಲ್ಲ. ಬರುವ ಸೋಮವಾರ ಆ ಯಂತ್ರ ಮತ್ತೆ ಓಡುತ್ತದೆ. ಅದರ ಮುಂದೆ ಕೂರುವವಳು ಸಾತನೂರು ಕಡೆಯ ರಾಧಾಮಣಿ. ವಯಸ್ಸು ಹತ್ತೊಂಬತ್ತು. ಬೆರಳು ಸದ್ಯಕ್ಕೆ ಹತ್ತು.

ನಾಲ್ಕು ಜನರ ಮುಂದೆ ಬಾಯಿ ಬಿಡಲು ನನಗೆ ಬರುವುದಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಸುಮ್ಮನೆ ಬರುವವಳು ನಾನು. ಅಂಥವಳು ಊರಿಗೆಲ್ಲ ಕಾಣುವ ಹಾಗೆ ಪತ್ರಿಕೆಯಲ್ಲಿ ನಿಮಗೆ ಬರೆಯುತ್ತಿದ್ದೇನೆಂದರೆ, ನನ್ನ ಎದೆಯಲ್ಲಿ ಏನು ಕುದಿಯುತ್ತಿದೆ ಎಂದು ನೀವೇ ಅಂದಾಜು ಮಾಡಿ. ಈ ಕಾಗದದ ಮೊದಲ ಪ್ರತಿಯಲ್ಲಿ, ನಿಮ್ಮ ಕೈಯನ್ನು ಆ ಯಂತ್ರದ ಅಚ್ಚಿನ ನಡುವೆ ಇಟ್ಟು ಕರೆಂಟು ಆರಿಸಬೇಕು ಎಂದು ಬರೆದಿದ್ದೆ. ಓದಿದ ಅಪ್ಪ, “ಹಂಗೆಲ್ಲ ಬರೀಬ್ಯಾಡ ಕಣವ್ವ, ಹೊಡೆದಾಕು ಅದ್ನ” ಎಂದರು. ಹೊಡೆದುಹಾಕಿದ್ದೇನೆ. ಕಾಗದದ ಮೇಲೆ ಮಾತ್ರ.

ನಮ್ಮದು ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಮನೆ. ಅಪ್ಪ ಬಸವಯ್ಯ, ನಲವತ್ತು ವರ್ಷದಿಂದ ಲೇತಿನ ಮುಂದೆ ಕೂತವರು. ನಾನೂ ಐದನೇ ಕ್ಲಾಸು ಮುಗಿಸಿ ಅಲ್ಲೇ ಕೂತೆ. ನಮ್ಮ ಕೆಲಸ ನಿಮಗೆ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ಹಾಲೆಮರದ ತುಂಡನ್ನು ಲೇತಿಗೆ ಕಚ್ಚಿಸಿ ತಿರುಗಿಸುತ್ತೇವೆ. ಉಳಿ ಹಿಡಿದು ಆಕಾರ ತೆಗೆದ ಮೇಲೆ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತುತ್ತೇವೆ. ಬೆಂಕಿ ಬೇಡ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಬಣ್ಣ ಹತ್ತುತ್ತದೆ. ಕೊನೆಗೆ ತಾಳೆಗರಿ ಒತ್ತಿದರೆ ಹೊಳಪು. ಈ ಕೊನೆಯ ಕೆಲಸಕ್ಕೆ ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಸ್ವಿಚ್ಚು ಆರಿಸಿದ ಮೇಲೂ ಮರ ಒಂದಷ್ಟು ಹೊತ್ತು ತಾನಾಗಿ ತಿರುಗುತ್ತದಲ್ಲ, ಆ ಓಟವನ್ನು ನಾವು ದಂಡ ಮಾಡುವುದಿಲ್ಲ. ಆಗಲೇ ಗರಿ ಒತ್ತುತ್ತೇವೆ. ಓಟ ಸಣ್ಣಗಾದಂತೆ ಕೈಯೂ ಹಗುರಾಗುತ್ತದೆ, ಗೆರೆ ಬೀಳದೆ ಕನ್ನಡಿಯಂಥ ಹೊಳಪು ಬರುತ್ತದೆ. ಇನ್ನೇನು ನಿಲ್ಲಬೇಕು ಎನ್ನುವಾಗ ಬರಿ ಅಂಗೈ ಕೊಟ್ಟು ಹಿಡಿದುಬಿಡುತ್ತೇವೆ.

ಅಕ್ಕನಿಗೆ ಏಳು ವರ್ಷ, ನನಗೆ ಮೂರು ಇದ್ದಾಗ ಅಪ್ಪ ಅವಳ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದು ಮರದ ಮೇಲಿಟ್ಟು ಕಲಿಸಿದ್ದರಂತೆ. “ಕರೆಂಟು ಓಡ್ಸೋದು ಬ್ಯಾರೆ, ಮರ ತಾನೇ ಓಡೋದು ಬ್ಯಾರೆ ಕಣವ್ವ. ತಾನೇ ಓಡುವಾಗ ಮುಟ್ಟು. ಕಚ್ಚಾಕಿಲ್ಲ.”

ಆ ಮಾತು ನಮ್ಮ ಲೇತಿನ ಮಟ್ಟಿಗೆ ಸತ್ಯ.

ಅಕ್ಕ ಮದುವೆಯಾಗಿ ಹಾರೋಹಳ್ಳಿ ಕಡೆ ಹೋದಳು. ಎರಡು ವರ್ಷದಿಂದ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಪವರ್ ಪ್ರೆಸ್ಸಿನ ಮುಂದೆ ಕೂರುತ್ತಿದ್ದಳು. ಅದನ್ನು ನೋಡದ ಓದುಗರಿಗಾಗಿ ಹೇಳುತ್ತೇನೆ, ನಿಮಗಾಗಿಯೂ ಅಂದುಕೊಳ್ಳಿ. ತಗಡನ್ನು ಎರಡು ಅಚ್ಚುಗಳ ನಡುವೆ ಇಟ್ಟು ಗುದ್ದುವ ಯಂತ್ರ ಅದು. ಪಕ್ಕದಲ್ಲಿ, ತಲೆಯ ಎತ್ತರಕ್ಕೆ, ಒಂದು ಭಾರಿ ಕಬ್ಬಿಣದ ಚಕ್ರ. ಮೋಟರು ಆ ಚಕ್ರವನ್ನು ಬಿಡದೆ ತಿರುಗಿಸುತ್ತಿರುತ್ತದೆ. ಕಾಲಲ್ಲಿ ಪೆಡಲು ತುಳಿದರೆ ಒಂದು ಪಿನ್ನು ಚಕ್ರವನ್ನು ಕಚ್ಚಿಕೊಳ್ಳುತ್ತದೆ. ಮೇಲಿನ ಅಚ್ಚು ಒಂದು ಸಲ ಇಳಿದು ಗುದ್ದಿ ಮೇಲೇರುತ್ತದೆ. ಗುದ್ದುವುದು ಮೋಟರಲ್ಲ, ಚಕ್ರ. ಪಿನ್ನು ಸವೆದರೆ ತುಳಿಯದಿದ್ದರೂ ಕಚ್ಚುತ್ತದೆ. ಮೂರನೇ ಯಂತ್ರದ ಪಿನ್ನು ಸವೆದಿತ್ತು. “ಇದು ಒಂದ್ಸಲ ತುಳುದ್ರೆ ಎರಡ್ಸಲ ಹೊಡೀತೈತೆ ಸಾರ್” ಎಂದು ಅಕ್ಕ ಒಂದು ತಿಂಗಳು ಹೇಳಿದಳು. “ನೀನೇನು ಇಂಜಿನಿಯರಾ? ಕಾಲು ನೆಟ್ಟಗಿಟ್ಕೊ” ಎಂದು ಸೂಪರ್‌ವೈಸರ್ ಒಂದು ತಿಂಗಳು ಹೇಳಿದ. ಮುಂದಿನ ಜಾಲರಿಯನ್ನು ಕೆಲಸ ನಿಧಾನವಾಗುತ್ತದೆಂದು ಮೊದಲೇ ಬಿಚ್ಚಿ ಗೋಡೆಗೆ ಒರಗಿಸಿದ್ದರು. ತಪಾಸಣೆಗೆ ಬಂದಾಗ ನೀವು ಅದನ್ನು ನೋಡಿರಬೇಕು. ಅದರ ಮೇಲೆ ಒಗೆದ ಬಟ್ಟೆ ಒಣಗಿಸಿರುತ್ತಾರೆ.

ಆ ದಿನ ಏನಾಯಿತೆಂದು ಅಕ್ಕ ಆಸ್ಪತ್ರೆಯಲ್ಲಿ ಮೊದಲು ನನಗೆ ಹೇಳಿದಳು.

“ಕರೆಂಟು ಹೋಯ್ತು ಕಣೆ. ಫ್ಯಾನೆಲ್ಲ ಸಣ್ಣಗಾದ್ವು. ಎಲ್ಲಾರೂ ಸದ್ಯ ಅಂದ್ಬುಟ್ಟು ನೀರ್ ಕುಡಿಯಾಕೆ ಎದ್ರು. ನನ್ ಅಚ್ಚಲ್ಲಿ ಒಂದು ತಗಡು ಸಿಕ್ಕಾಕ್ಕೊಂಡಿತ್ತು. ಅದೊಂದ ತೆಗ್ದಾಕಿ ಹೋಗನ ಅಂತ ಕೈ ಹಾಕ್ದೆ. ಚಕ್ರ ಗುಂಯ್ ಅಂತಾನೇ ಇತ್ತು ಮಮತಾ. ನಂಗೆ ಕೇಳುಸ್ತಿತ್ತು. ನಮ್ಮನೆ ಲೇತು ಸ್ವಿಚ್ಚಾರ್ಸಿದ್ ಮ್ಯಾಲೆ ಕೇಳುಸ್ತದಲ್ಲ, ಹಂಗೇ ಇತ್ತು. ಅದಕ್ಕೇ ಭಯ ಆಗ್ಲಿಲ್ಲ.”

ಪಿನ್ನು ಕಚ್ಚಿತು. ಅಚ್ಚು ಇಳಿಯಿತು.

ಇಳಿದದ್ದು ಏರಲಿಲ್ಲ. ಚಕ್ರ ಅಲ್ಲೇ ನಿಂತಿತು. ಅಕ್ಕನ ಕೈ ಎರಡು ಕಬ್ಬಿಣಗಳ ನಡುವೆ, ಮಣಿಕಟ್ಟಿನವರೆಗೆ ರಕ್ತ, ಬೆರಳಿನ ಜಾಗದಲ್ಲಿ ತಗಡು. ಯಂತ್ರವನ್ನು ಮೇಲೆತ್ತಲು ಕರೆಂಟಿಲ್ಲ. ನಾಲ್ಕು ಗಂಡಸರು ಚಕ್ರಕ್ಕೆ ಕಬ್ಬಿಣದ ಹಾರೆ ಸಿಕ್ಕಿಸಿ, ಭುಜ ಕೊಟ್ಟು, ಹಿಂದಕ್ಕೆ ತಿರುಗಿಸಿದರು. ಒಂದು ಸಲ ಹಾರೆ ಜಾರಿತು. ಅಚ್ಚು ಮತ್ತೆ ಒತ್ತಿತು. ಹನ್ನೊಂದು ನಿಮಿಷ. ಅಕ್ಕ ಎಣಿಸಲಿಲ್ಲ. ಪಕ್ಕದ ಯಂತ್ರದ ರಾಧಾಮಣಿ ಓಡಿಬಂದು ಅಕ್ಕನ ಮುಖವನ್ನು ತನ್ನ ಎದೆಗೆ ಒತ್ತಿ ಹಿಡಿದು, ಎದುರಿನ ಗೋಡೆ ಗಡಿಯಾರ ನೋಡುತ್ತಿದ್ದಳು. ಬೇರೆಲ್ಲಿ ನೋಡಬೇಕೆಂದು ಅವಳಿಗೆ ತೋಚಲಿಲ್ಲವಂತೆ. ಅಕ್ಕ ಕಚ್ಚಿದ ಗುರುತು ಅವಳ ಭುಜದಲ್ಲಿ ಈಗಲೂ ಇದೆ.

ನಿಶ್ಚಲ ಯಂತ್ರ ಎಂದಿರಿ. ನಿಶ್ಚಲವಾಗಿದ್ದ ಯಂತ್ರದ ಬಾಯಿಂದ ಒಬ್ಬ ಹೆಂಗಸಿನ ಕೈ ಬಿಡಿಸಲು ನಾಲ್ಕು ಗಂಡಸರು, ಒಂದು ಹಾರೆ, ಹನ್ನೊಂದು ನಿಮಿಷ ಏಕೆ ಬೇಕಾಯಿತು? ಅಕ್ಕ ಅಚ್ಚನ್ನು ತಾನೇ ಎತ್ತಿ, ಕೈ ಇಟ್ಟು, ಮತ್ತೆ ಇಳಿಸಿಕೊಂಡಳೇ? ಅಷ್ಟು ಶಕ್ತಿ ಅವಳಲ್ಲಿದ್ದಿದ್ದರೆ ಮೊದಲು ಆ ಸೂಪರ್‌ವೈಸರನ ದವಡೆ ಮುರಿಯುತ್ತಿದ್ದಳು.

ವರದಿಯ ಪ್ರತಿ ಕೇಳಲು ಅಪ್ಪ, ಆಸ್ಪತ್ರೆಯಿಂದ ತವರಿಗೆ ಬಂದಿದ್ದ ಅಕ್ಕ, ನಾನು ನಿಮ್ಮ ಕಚೇರಿಗೆ ಬಂದಿದ್ದೆವು. ನಿಮಗೆ ನೆನಪಿರಲಿಕ್ಕಿಲ್ಲ. ನೀವು ಕೆಟ್ಟದಾಗಿ ನಡೆದುಕೊಳ್ಳಲಿಲ್ಲ, ಅದನ್ನೂ ಬರೆಯುತ್ತೇನೆ. ಅಕ್ಕನಿಗೆ ಕುರ್ಚಿ ಕೊಡಿಸಿದಿರಿ. ಅಪ್ಪ ಕೈಮುಗಿದು, “ಕರೆಂಟು ಇರ್ನಿಲ್ಲ ಸ್ವಾಮಿ, ನಿಜ. ಆದ್ರೂ ಅದು ಓಡ್ತಿತ್ತು” ಎಂದರು. ನೀವು ನಕ್ಕಿರಿ.

“ಹೇಗೆ ಓಡುತ್ತೆ ಬಸವಯ್ಯ? ಕರೆಂಟ್ ಹೋದ ಮೇಲೆ ಮಷೀನು ಕಬ್ಬಿಣದ ತುಂಡು ಅಷ್ಟೇ. ನೀನೇನಮ್ಮ ಓದಿರೋದು?”

“ಐದ್ನೇ ಕ್ಲಾಸು ಸಾರ್” ಎಂದೆ. ನಿಮ್ಮ ಮೇಜಿನ ಕಾಲು ನೋಡುತ್ತಾ ಹೇಳಿದೆ.

“ಅದಕ್ಕೇ ಗೊತ್ತಾಗ್ತಿಲ್ಲ. ಈಗ ನೋಡು, ಫ್ಯಾನ್ ಆಫ್ ಮಾಡಿದ್ರೆ ತಿರುಗುತ್ತಾ?”

ಹೇಳುತ್ತಲೇ ಕುರ್ಚಿಯಿಂದ ಬಾಗಿ ಸ್ವಿಚ್ಚು ಆರಿಸಿದಿರಿ. “ನೋಡಿದ್ಯಾ?” ಎಂದು ಮುಂದಿನ ಫೈಲು ತೆರೆದಿರಿ. ಪಕ್ಕದಲ್ಲಿದ್ದ ನಿಮ್ಮ ಗುಮಾಸ್ತರು ನಕ್ಕರು. ಬಾಗಿಲಲ್ಲಿದ್ದ ಜವಾನನೂ ನಕ್ಕ. ಯಾರೂ ತಲೆ ಎತ್ತಲಿಲ್ಲ. ಮೇಜಿನ ಕಾಲು ನೋಡುತ್ತಿದ್ದ ನಾನು ಒಬ್ಬಳೇ ತಲೆ ಎತ್ತಿದೆ. ಫ್ಯಾನು ತಿರುಗುತ್ತಿತ್ತು ಸ್ವಾಮಿ. ನಿಮ್ಮ ನೆತ್ತಿಯ ಮೇಲೆ, ನಿಮ್ಮ ಫೈಲಿನ ಹಾಳೆ ಅಲುಗಿಸುತ್ತಾ, ನೀವು ಹಾಳೆ ಹಾರದಂತೆ ಅಂಗೈ ಊರಿಕೊಂಡಿದ್ದಾಗಲೂ ತಿರುಗುತ್ತಿತ್ತು. ರೆಕ್ಕೆ ಬಿಡಿಬಿಡಿಯಾಗಿ ಕಾಣತೊಡಗಿದ ಮೇಲೆ ಎಣಿಸಿದೆ. ಇಪ್ಪತ್ತೇಳು ಸುತ್ತು. “ಮೇಲೆ ನೋಡಿ ಸಾರ್” ಎಂಬ ಮೂರು ಮಾತು ನನ್ನ ಬಾಯಿಗೆ ಬರಲಿಲ್ಲ. ಫ್ಯಾನು ನಿಂತಿತು, ನಾವು ಹೊರಗೆ ಬಂದೆವು. ಆ ಮೂರು ಮಾತು ಅಂದು ಬಂದಿದ್ದರೆ ಈ ಕಾಗದ ಬರೆಯುವ ಕೆಲಸ ಇರುತ್ತಿರಲಿಲ್ಲ. ಅದಕ್ಕೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡಿದ್ದೇನೆ. ಉತ್ಪ್ರೇಕ್ಷೆಯಲ್ಲ, ಬಚ್ಚಲಲ್ಲಿ ನಿಂತು ನಿಜವಾಗಿಯೇ ಹೊಡೆದುಕೊಂಡೆ.

ಅಪ್ಪ ಮನೆಗೆ ಬಂದವರೇ ಕೊಡಲಿ ತೆಗೆದುಕೊಂಡು ತಮ್ಮ ಲೇತಿನ ಮರದ ಬೆಂಚಿಗೆ ಎರಡು ಏಟು ಹಾಕಿದರು. ಮೊದಲ ಏಟಿಗೆ ಕೊಡಲಿ ಎರಡಂಗುಲ ಇಳಿಯಿತು. “ನಾನೇ ಕಲ್ಸಿದ್ದು. ನನ್ ಕೈಯಾರ ಕಲ್ಸಿದ್ದು. ಕಚ್ಚಾಕಿಲ್ಲ ಅಂದೆ, ಕಚ್ಬುಡ್ತು” ಎಂದು ಕೂಗಿದರು. ಅವ್ವ ಅಡ್ಡ ಬಂದರು. ಅಕ್ಕ ಎಡಗೈಯಲ್ಲಿ ಕೊಡಲಿಯ ಕಾವು ಹಿಡಿದುಕೊಂಡಳು. “ಬುಡಪ್ಪ, ಅದೇನ್ ಮಾಡ್ತು?” ಎಂದಳು. ಕೊಡಲಿಗೂ ಕರೆಂಟು ಇರಲಿಲ್ಲ, ಗಮನಿಸಿ. ಬೀಸಿದ ತೋಳು ನಿಲ್ಲಬಹುದು. ಬೀಸಿಬಿಟ್ಟ ಕಬ್ಬಿಣ ಎಲ್ಲಾದರೂ ಇಳಿದೇ ನಿಲ್ಲುತ್ತದೆ.

ಆ ಸಂಜೆಯ ಗಲಾಟೆ ಕೇಳಿ ಮುನವ್ವರಾ ಪುಸ್ತಕ ಹಿಡಿದೇ ಓಡಿಬಂದಳು. ಅವಳಿಗೆ ಮರುದಿನ ವಿಜ್ಞಾನದ ಕಿರುಪರೀಕ್ಷೆ. ಅಕ್ಕ ನಡೆದುದೆಲ್ಲ ಹೇಳಿದಾಗ ಆ ಹುಡುಗಿ ಕಣ್ಣರಳಿಸಿ, “ಧನಕ್ಕ, ಆ ಸಾರು ಒಂಬತ್ನೇ ಕ್ಲಾಸು ಪಾಸಾಗವ್ರಾ?” ಎಂದಳು.

“ದೊಡ್ಡ ಓದು ಓದವ್ರೆ ಕಣಮ್ಮ.”

“ಹಂಗಾದ್ರೆ ಮರ್ತವ್ರೆ. ಓಡ್ತಿರೋದು ಓಡ್ತಾನೇ ಇರ್ತದೆ ಧನಕ್ಕ, ಬೇರೆ ಏನಾದ್ರೂ ಬಲ ಬಂದು ತಡೆಯೋಗಂಟ. ಓಡೋಕೆ ಬಲ ಬೇಕಾಗಿಲ್ಲ, ನಿಲ್ಸೋಕೆ ಬೇಕು. ಅದಕ್ಕೆ ಜಡತ್ವ ಅಂತಾರೆ. ಬಸ್ಸು ಬ್ರೇಕ್ ಹಾಕ್ದಾಗ ನಾವ್ ಮುಂದಕ್ಕೆ ಬೀಳ್ತೀವಲ್ಲ, ಅದೇ. ನಾಳೆ ಎರಡು ಮಾರ್ಕಿಗೆ ಬರ್ತದೆ.”

“ಬರೀದಿದ್ರೆ?”

“ಎರಡು ಮಾರ್ಕು ಹೋಯ್ತದೆ.”

ನೋಡಿ ಮಾನ್ಯರೇ, ಅದೇ ಪಾಠ ಮರೆತರೆ ಮುನವ್ವರಾಗೆ ಎರಡು ಮಾರ್ಕು ಹೋಗುತ್ತದೆ. ನೀವು ಮರೆತದ್ದಕ್ಕೆ ನಿಮ್ಮದೇನು ಹೋಯಿತು?

ಅವಳ ಜೊತೆ ಕೂತು ನಾನು ಒಂದು ವಾರ ಓದಿದೆ. ಇಪ್ಪತ್ತೆರಡು ವರ್ಷದ ನನಗೆ ಹದಿನಾಲ್ಕರ ಹುಡುಗಿ ಮೇಡಂ. ತಿರುಗುವ ವಸ್ತುವಿನಲ್ಲಿ ಚಲನಶಕ್ತಿ ಕೂಡಿಟ್ಟಿರುತ್ತದೆ. ಭಾರ ಹೆಚ್ಚಿದಷ್ಟೂ ಹೆಚ್ಚು. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಅಕ್ಕನಿಗೆ ಆ ಚಕ್ರದ ಸುತ್ತಳತೆ ಗೊತ್ತಿತ್ತು, ಅಮಾವಾಸ್ಯೆ ಪೂಜೆಗೆ ಹೂವಿನ ಹಾರ ಸುತ್ತಿದವಳು ಅವಳೇ: ಎರಡೂವರೆ ಮೀಟರು. ಸೆಕೆಂಡಿಗೆ ಎರಡು ಸುತ್ತು. ಭಾರ ಸುಮಾರು ಇನ್ನೂರು ಕೆಜಿ, ಹೆಚ್ಚುಪಾಲು ಅಂಚಿನಲ್ಲೇ. ಮುನವ್ವರಾ ಲೆಕ್ಕ ಹಾಕಿದಳು. ಐವತ್ತು ಕೆಜಿ ಅಕ್ಕಿ ಮೂಟೆಯನ್ನು ಐದು ಮೀಟರು ಎತ್ತರದಿಂದ ಕೆಡವಿದರೆ ಎಷ್ಟು ಪೆಟ್ಟೋ ಅಷ್ಟು ಶಕ್ತಿ. ಕರೆಂಟು ಹೋಗಿ ಚಕ್ರ ನಿಧಾನವಾಗಿ ವೇಗ ಅರ್ಧಕ್ಕೆ ಇಳಿದಿತ್ತು ಅನ್ನಿ. ಆಗಲೂ ಕಾಲುಭಾಗ ಉಳಿದಿರುತ್ತದೆ. ಬೆರಳುಗಳಿಗೆ ಕಾಲುಭಾಗ ಬೇಕಾದಷ್ಟಾಯಿತು. ನಮ್ಮ ಲೇತಿನ ಮರದ ತುಂಡು ನೂರು ಗ್ರಾಮು, ಅದರ ತಲೆ, ರಾಟೆ ಎಲ್ಲ ಸೇರಿ ಮೂರೋ ನಾಲ್ಕೋ ಕೆಜಿ. ಅದನ್ನು ಅಂಗೈ ತಡೆಯುತ್ತದೆ. ಎರಡರ ಸದ್ದೂ ಕಿವಿಗೆ ಒಂದೇ.

ಶಕ್ತಿ ನಾಶವಾಗುವುದಿಲ್ಲ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುತ್ತದೆ ಎಂಬುದೂ ಆ ಪಾಠದಲ್ಲೇ ಇದೆ. ಇದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ಚಕ್ರ ಅಚ್ಚು ಇಳಿಸಿದ ಮೇಲೆ ಅಲ್ಲೇ ನಿಂತಿತು ಎಂದೆನಲ್ಲ, ಅದರಲ್ಲಿ ಉಳಿದಿದ್ದ ಓಟವೆಲ್ಲ ಎಲ್ಲಿಗೆ ಹೋಯಿತು? ನೀವು ವಿಜ್ಞಾನ ಓದಿದವರು, ಹೇಳಿ. ಕರೆಂಟಿಗೆ ವಾಪಸ್ಸು ಹೋಗಲಿಲ್ಲ. ಆ ತಗಡಿಗೆ ಹೋಯಿತು, ಮೂಳೆಗೆ ಹೋಯಿತು, ನನ್ನ ಅಕ್ಕನ ಕೂಗಿಗೆ ಹೋಯಿತು.

ನೀವು ಕೇಳಬಹುದು: ಚಕ್ರ ತಿರುಗುವುದು ಕೇಳುತ್ತಿದ್ದರೂ ಕೈ ಹಾಕಿದ್ದು ಯಾರ ತಪ್ಪು? ಕೇಳಿ, ಉತ್ತರ ಇದೆ. ಅಕ್ಕನ ತಪ್ಪು. ಸ್ವಿಚ್ಚಾರಿದ ಮೇಲಿನ ಓಟ ಸಾಧು ಎಂದು ಅವಳ ಕೈಗೆ ಕಲಿಸಿದ ನಮ್ಮ ಮನೆಯ ತಪ್ಪು. ಕೈ ಕಲಿತದ್ದನ್ನು ತಲೆ ಬೇಗ ತಡೆಯಲಾರದು. ಇಷ್ಟನ್ನು ನಾವು ಬೀದಿಯಲ್ಲಿ ನಿಂತು ಒಪ್ಪುತ್ತೇವೆ. ಆದರೆ ಮನುಷ್ಯರ ಕೈ ಹೀಗೆ ತಪ್ಪುತ್ತದೆಂದೇ ಅಲ್ಲವೇ ಜಾಲರಿ ಇರುವುದು? ಅದಕ್ಕೇ ಅಲ್ಲವೇ ನೀವು ಇರುವುದು? ನಮ್ಮ ತಪ್ಪಿಗೆ ಅಕ್ಕ ಬೆರಳು ಕೊಟ್ಟಳು. ನಿಮ್ಮ ತಪ್ಪಿಗೆ ನೀವು ಒಂದು ವಾಕ್ಯ ಕೊಡಲಾರಿರಾ?

ಇನ್ನು ತಡಮಾಡುವ ಹಾಗಿಲ್ಲ. ಮೊನ್ನೆ ರಾಧಾಮಣಿ ಅಕ್ಕನಿಗೆ ಫೋನು ಮಾಡಿದ್ದಳು.

“ಧನಕ್ಕ, ಸೋಮ್ವಾರದಿಂದ ನನ್ನೇ ಮೂರ್ನೇದಕ್ಕೆ ಹಾಕವ್ರೆ. ಪಿನ್ನು ಬದ್ಲಾಯ್ಸಿದ್ರಾ ಅಂದೆ. ವರದಿ ಬಂದೈತೆ, ಮಿಷಿನ್ನು ಸರಿಗೈತೆ ಅಂದ್ರು. ಆಗಲ್ಲ ಅಂದ್ರೆ ನಾಳೆಯಿಂದ ಬರ್ಬ್ಯಾಡ ಅಂತಾರೆ.”

“ಬ್ಯಾಡ ಕಣೆ, ಕೂರ್ಬ್ಯಾಡ.”

“ಮನೇಲಿ ಹೇಳಾಕಾಗಲ್ಲ ಅಕ್ಕ. ಕೂರ್ತೀನಿ. ಕರೆಂಟು ಹೋದ್ರೆ ಎರಡೂ ಕೈ ಕಂಕ್ಳಲ್ಲಿ ಇಟ್ಕೊಂಡ್ಬುಡ್ತೀನಿ.”

ಇದು ಈಗ ಆ ಕಾರ್ಖಾನೆಯ ಸುರಕ್ಷತಾ ವ್ಯವಸ್ಥೆ: ಹತ್ತೊಂಬತ್ತರ ಹುಡುಗಿಯ ಎರಡು ಕಂಕುಳು. ನಿಮ್ಮ ವರದಿಗೆ ಸೇರಿಸಿಕೊಳ್ಳಿ.

ನಾನು ಕೇಳುವುದು ಇಷ್ಟು. ಸೋಮವಾರಕ್ಕೆ ಮುಂಚೆ ಆ ಕಾರ್ಖಾನೆಗೆ ಹೋಗಿ. ಮೂರನೇ ಯಂತ್ರದ ಚಕ್ರ ಪೂರ್ತಿ ವೇಗಕ್ಕೆ ಬರಲಿ. ಆಮೇಲೆ ಮೇನ್ ಸ್ವಿಚ್ಚನ್ನು ನೀವೇ, ಫ್ಯಾನು ಆರಿಸಿದ ಅದೇ ಕೈಯಿಂದ, ಆರಿಸಿ. ಹತ್ತು ಎಣಿಸಿ. ಅಚ್ಚಿನ ನಡುವೆ ಒಂದು ಕಬ್ಬಿನ ಜಲ್ಲೆ ಇಡಿ. ಕಬ್ಬು ನಾವೇ ತರುತ್ತೇವೆ. ದೂರದಿಂದ ಕೋಲು ಊರಿ ಪೆಡಲು ಒತ್ತಿಸಿ. ಜಲ್ಲೆ ಇಡಿಯಾಗಿ ಉಳಿದರೆ ನನ್ನನ್ನು ಸುಳ್ಳುಗಾತಿ ಎಂದು ಬರೆಯಿರಿ, ಹೆಬ್ಬೆಟ್ಟಲ್ಲ, ಸಹಿ ಹಾಕುತ್ತೇನೆ. ಜಜ್ಜಿ ರಸ ಹಾರಿದರೆ ಅದನ್ನು ಮುಖದಿಂದ ಒರೆಸಿಕೊಂಡು, ಅಲ್ಲೇ ನಿಂತು ಆ ವಾಕ್ಯ ಹೊಡೆದುಹಾಕಿ. ಪಿನ್ನು ಬದಲಾಗಿ, ಗೋಡೆಗೆ ಒರಗಿಸಿದ ಜಾಲರಿ ತನ್ನ ಜಾಗಕ್ಕೆ ಬರುವವರೆಗೆ ಸೀಲು ತೆಗೆಯಬೇಡಿ. ಕರೆಂಟು ಹೋದರೆ ಚಕ್ರ ನಿಲ್ಲುವ ತನಕ ಕೈ ಹಾಕಬಾರದೆಂದು ಎಲ್ಲ ಹೆಂಗಸರಿಗೂ ಬಾಯಿಬಿಟ್ಟು ಹೇಳಿಸಿ. ಅಷ್ಟು ದಿನ ರಾಧಾಮಣಿಗೆ ಬೇರೆ ಕೆಲಸ ಕೊಡಲು ಬರವಣಿಗೆಯಲ್ಲಿ ತಿಳಿಸಿ. ನೀವು ಬಾರದಿದ್ದರೆ ಸೋಮವಾರ ಬೆಳಿಗ್ಗೆ ಆ ಗೇಟಿನ ಮುಂದೆ ನಾನು ನಿಂತಿರುತ್ತೇನೆ, ಕಬ್ಬು ಹಿಡಿದುಕೊಂಡು. ಅಂದು ಮೇಜಿನ ಕಾಲು ನೋಡುವುದಿಲ್ಲ.

ಇವತ್ತು ಬೆಳಿಗ್ಗೆ ಕೊಡಲಿ ಏಟು ಬಿದ್ದ ಬೆಂಚಿಗೆ ಪಟ್ಟಿ ಬಡಿದು ಲೇತು ಹಾಕಿದೆ. ಒಂದು ಗಿಲಕಿಯ ತಲೆ ಕಡೆದು ಅರಗು ಹತ್ತಿಸಿದೆ. ಸ್ವಿಚ್ಚು ಆರಿಸಿದೆ. ಅಕ್ಕ ಪಕ್ಕದಲ್ಲೇ ಕೂತಿದ್ದಳು. ನನ್ನ ಕೈ ಗರಿಯ ಕಡೆಗೆ ತಾನಾಗಿಯೇ ಹೋಯಿತು. ಹಿಂದಕ್ಕೆ ಎಳೆದುಕೊಂಡು ಮಡಿಲಲ್ಲಿಟ್ಟು, ಮರ ತಾನಾಗಿ ನಿಲ್ಲುವವರೆಗೆ ಇಬ್ಬರೂ ಎಣಿಸಿದೆವು. ಹತ್ತೊಂಬತ್ತು. ಗಿಲಕಿಗೆ ಹೊಳಪು ಬರಲಿಲ್ಲ.

ಇಂತಿ,
ಐದನೇ ಕ್ಲಾಸಿಗೆ ನಿಂತ, ಹತ್ತು ಬೆರಳೂ ಉಳಿದಿರುವ
ಮಮತಾ
ಚನ್ನಪಟ್ಟಣ